ಸಾಕಿದ ಇಲಿಯೂ ಆಹಾರಶಾಸ್ತ್ರವೂ

ಕಣಜಕ್ಕೆ ಕನ್ನವಿಕ್ಕುವ ಕಳ್ಳನೆಂದು ಒಕ್ಕಲಿಗನಿಂದ ಶಾಪವನ್ನೂ, ವಿನಾಯಕನ ವಾಹನವೆಂದು ಅದೇ ಒಕ್ಕಲಿಗನಿಂದ ನಮಸ್ಕಾರವನ್ನೂ ಪಡೆಯುವ ಭಾಗ್ಯವು ಇಲಿಯೊಂದಕ್ಕೇ ಮೀಸಲಾದುದು. ಆದರೆ ಈ ಪ್ರಾಣಿಯನ್ನು ಓಡಿಸುವುದರ ಬದಲು ಪಂಜರದಲ್ಲಿಟ್ಟು, ಹೊತ್ತಿಗೆ ಸರಿಯಾಗಿ ಉಣಬಡಿಸಿ, ಮುದ್ದಿನಿಂದ ಬೆಳೆಸಿದ ಜನರೂ ಲೋಕದಲ್ಲಿ ಉಂಟು. ಅದರ ಮುಂದೆ ಇಟ್ಟ ಚಿಕ್ಕ ತಟ್ಟೆಯಿಂದ ಮನುಷ್ಯನ ಊಟದ ವಿಷಯವಾಗಿ ದೊರೆತ ತಿಳಿವಳಿಕೆಯಾದರೋ ಅಲ್ಪವಾದುದಲ್ಲ.

ಚಿಟ್ಟಿಲಿಯನ್ನು ವಿನೋದಕ್ಕಾಗಿ ಸಾಕುವ ವಾಡಿಕೆಯು ಜಪಾನಿನಲ್ಲಿ ಬಹುಕಾಲದಿಂದ ಇದ್ದಿತು. ಬಿಳಿಯ, ಚುಕ್ಕೆಯ ಮತ್ತು ಇತರ ಬಣ್ಣಗಳ ಇಲಿಗಳನ್ನು ಬೆಳೆಸುವ ಕ್ರಮವನ್ನು ಹೇಳುವ ಪುಸ್ತಕವೊಂದು 1787ರಲ್ಲಿಯೇ ಕ್ಯೋಟೋ ನಗರದಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಈ ಅಭಿರುಚಿಯು ಬಲಿತು, 1895ರಲ್ಲಿ ಇಲಿ ಸಾಕುವವರ ರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಗ್ರ್ಯಾನ್‌ಬಿ ಎಂಬ ಊರಿನಲ್ಲಿ, ಶಾಲೆಯ ಉಪಾಧ್ಯಾಯಿನಿಯಾಗಿದ್ದ ಅಬ್ಬಿ ಲ್ಯಾಥ್ರೋಪ್ ಎಂಬಾಕೆಯು ಕೋಳಿ ಸಾಕಣೆಯಲ್ಲಿ ಕೈಸುಟ್ಟುಕೊಂಡ ಬಳಿಕ ಇಲಿ ಸಾಕಣೆಗೆ ಕೈಯಿಕ್ಕಿದಳು. ಒಂದು ಜೊತೆಯಿಂದ ಆರಂಭವಾದ ಆ ಸಂಸಾರವು ಸಾವಿರಾರು ಇಲಿಗಳಾಗಿ ಬೆಳೆಯಿತು. ಓಟ್ಸ್ ಧಾನ್ಯವೂ ಬಿಸ್ಕತ್ತಿನಂತಹ ಕ್ರ್ಯಾಕರುಗಳೂ ಅವುಗಳ ಆಹಾರ. ಪಂಜರಗಳನ್ನು ಶುಚಿಮಾಡಲು ನೆರೆಹೊರೆಯ ಮಕ್ಕಳಿಗೆ ಗಂಟೆಗೆ 7 ಸೆಂಟುಗಳ ಕೂಲಿ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಲಿಯಂ ಕ್ಯಾಸಲ್ 1902ರಲ್ಲಿ ಆಕೆಯಿಂದ ಇಲಿಗಳನ್ನು ಕೊಂಡುಕೊಂಡನು. 1918ರಲ್ಲಿ ಆಕೆ ತೀರಿಕೊಂಡರೂ ಆ ಇಲಿಗಳ ಸಂತತಿಯು ಇಂದಿಗೂ ಲೋಕದ ಪ್ರಯೋಗಶಾಲೆಗಳಲ್ಲಿ ಬಾಳುತ್ತಿದೆ.

ಇಂತಹ ಸಾಕಣೆಗಾರರು ಶಾಸ್ತ್ರವನ್ನು ಓದಿದವರಲ್ಲ. ಇಲಿಯು ಏನನ್ನು ತಿಂದರೆ ಬದುಕುವುದೆಂಬುದನ್ನು ರೂಢಿಯಿಂದ ಅರಿತವರು. ಶಾಸ್ತ್ರಜ್ಞರ ವಿಚಾರವು ಬೇರೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರಜ್ಞರು ಅನ್ನವನ್ನು ಪೃಥಕ್ಕರಿಸಿ, ಅದರಲ್ಲಿ ಪ್ರೋಟೀನು, ಕೊಬ್ಬು, ಸಕ್ಕರೆ ಇಲ್ಲವೆ ಪಿಷ್ಟ, ಲವಣ, ನೀರು ಎಂಬ ಐದನ್ನು ಕಂಡಿದ್ದರು. ಈ ಐದನ್ನು ತಕ್ಕ ಪ್ರಮಾಣದಲ್ಲಿ ಕೂಡಿಸಿದರೆ ಪೂರ್ಣಾಹಾರವಾಗುವುದೆಂದು ಬಹುಮಂದಿ ಪಂಡಿತರು ನಂಬಿದ್ದರು.

ಈ ನಂಬಿಕೆಯನ್ನು ಒರೆಗೆ ಹಚ್ಚಿದವನು ನಿಕೊಲಾಯ್ ಲೂನಿನ್ ಎಂಬ ತರುಣ. ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಎಸ್ಟೋನಿಯಾದಲ್ಲಿರುವ ಡೋರ್ಪಾಟ್ ನಗರದಲ್ಲಿ, ಬುಂಗೆ ಎಂಬ ಆಚಾರ್ಯನ ಶಿಷ್ಯನಾಗಿದ್ದ ಈತನು ಕೆಲವು ಚಿಟ್ಟಿಲಿಗಳಿಗೆ ಬರಿಯ ಹಾಲನ್ನು ಕೊಟ್ಟನು. ಅವು ಎರಡು ತಿಂಗಳಿಗೂ ಮೇಲ್ಪಟ್ಟು ಆರೋಗ್ಯದಿಂದಿದ್ದವು. ಬೇರೆ ಇಲಿಗಳಿಗೆ ಹಾಲಿನ ಪ್ರೋಟೀನು, ಕೊಬ್ಬು, ಸಕ್ಕರೆ, ಲವಣಗಳನ್ನು ಶುದ್ಧಿಮಾಡಿ ಬೆರಸಿ ಕೊಟ್ಟನು. ಅವು 20ರಿಂದ 31 ದಿವಸಗಳಲ್ಲಿ ಸತ್ತುಹೋದವು. ಲೆಕ್ಕದಲ್ಲಿ ಎರಡು ಊಟಗಳಿಗೂ ಹೆಚ್ಚಿನ ಭೇದವಿಲ್ಲ. ಫಲದಲ್ಲಿಯಾದರೋ ಜೀವಮರಣಗಳ ಅಂತರ! ಜೀವಧಾರಣೆಗೆ ಅಗತ್ಯವಾದ ಮತ್ತಾವುದೋ ಪದಾರ್ಥವು ಹಾಲಿನಲ್ಲಿ ಇರಲೇಬೇಕೆಂದು ಲೂನಿನ್ 1881ರಲ್ಲಿ ಪ್ರಕಟಿಸಿದನು. ಆದರೆ ಆ ಪದಾರ್ಥವನ್ನು ಹುಡುಕುವ ಕಾರ್ಯವು ಅವನಿಂದ ಮುಂದುವರಿಯಲಿಲ್ಲ. ಆತನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮಕ್ಕಳ ವೈದ್ಯನಾಗಿ ನೆಲೆಸಿದನು.

ಅನಂತರ ಹಾಲೆಂಡಿನ ಪೇಕೆಲ್‌ಹಾರಿಂಗ್ ಎಂಬ ವಿದ್ವಾಂಸನು ಅದೇ ಪರೀಕ್ಷೆಯನ್ನು ಬೇರೊಂದು ಬಗೆಯಲ್ಲಿ ಮಾಡಿದನು. ಶುದ್ಧ ಪ್ರೋಟೀನು, ಅಕ್ಕಿಹಿಟ್ಟು, ಕೊಬ್ಬು, ಲವಣಗಳನ್ನು ಕಲಸಿ ರೊಟ್ಟಿ ಸುಟ್ಟು ಇಲಿಗಳಿಗೆ ಇಟ್ಟನು. ಮೊದಮೊದಲು ಅವು ಚೆನ್ನಾಗಿಯೇ ತಿಂದವು. ಆಮೇಲೆ ಬಡವಾಗಿ, ಮುಂದೆ ರೊಟ್ಟಿಯಿದ್ದರೂ ಬಾಯಿಗಿಡದೆ, ನಾಲ್ಕು ವಾರಗಳೊಳಗೆ ಸತ್ತವು. ಅದೇ ರೊಟ್ಟಿಯ ಸಂಗಡ ನೀರಿಗೆ ಬದಲಾಗಿ ಹಾಲನ್ನು ಪಡೆದ ಇಲಿಗಳು ಪುಷ್ಟವಾಗಿದ್ದವು. ತುಂಬಿದ ತಟ್ಟೆಯ ಮುಂದೆಯೂ ಪ್ರಾಣಿಯು ಹಸಿದು ಸಾಯಬಹುದೆಂಬ ಈ ಸಂಗತಿಯನ್ನು ಆತನು 1905ರಲ್ಲಿ ಹೇಳಿದನು. ಡಚ್ ಭಾಷೆಯಲ್ಲಿದ್ದ ಆ ಮಾತು ಹೊರಗಿನವರ ಕಿವಿಗೆ ಬೀಳದೆ ಹೋಯಿತು.

1912ರಲ್ಲಿ ಕೇಂಬ್ರಿಜ್ಜಿನ ಫ್ರೆಡರಿಕ್ ಹಾಪ್ಕಿನ್ಸ್ ಪ್ರಕಟಿಸಿದ ಪರೀಕ್ಷೆಗಳು ಮಾತ್ರ ಲೋಕವನ್ನು ಎಚ್ಚರಿಸಿದವು. ಆತನು ಆರಿಸಿಕೊಂಡುದು ದೊಡ್ಡ ಜಾತಿಯ ಇಲಿಮರಿಗಳನ್ನು. ಶುದ್ಧಾಹಾರವನ್ನು ಮಾತ್ರ ತಿಂದವು ಬೆಳೆಯಲಿಲ್ಲ. ಅದೇ ಆಹಾರದೊಡನೆ ದಿನಕ್ಕೆ ಸುಮಾರು 3 ಘನ ಸೆಂಟಿಮೀಟರುಗಳಷ್ಟು ಹಾಲನ್ನು ಕುಡಿದವು ಬೆಳೆದವು. 18ನೆಯ ದಿವಸ ಹಾಲನ್ನು ಅದಲುಬದಲು ಮಾಡಿದೊಡನೆ ಬೆಳೆವಣಿಗೆಯೂ ಅದಲುಬದಲಾಯಿತು. ಅದೇ ವರ್ಷ ಕಸಿಮೀರ್ ಫುಂಕ್ ಎಂಬವನು ಇಂತಹ ಪದಾರ್ಥಗಳಿಗೆ ‘ವಿಟಮಿನ್’ ಎಂಬ ಹೆಸರನ್ನಿಟ್ಟನು. ಕನ್ನಡದಲ್ಲಿ ಇವೇ ಜೀವಸತ್ತ್ವಗಳು. 1929ರಲ್ಲಿ ಹಾಪ್ಕಿನ್ಸನಿಗೆ ನೊಬೆಲ್ ಬಹುಮಾನವು ಐಕ್‌ಮನ್ನನೊಡನೆ ದೊರೆಯಿತು.

ಈ ವಿದ್ಯೆಯು ಕನ್ನಡಿಗರ ಊಟದ ಎಲೆಯವರೆಗೂ ಬಂದುದುಂಟು. ನೀಲಗಿರಿಯ ಕೂನೂರಿನಲ್ಲಿ ಆಹಾರ ಸಂಶೋಧನೆ ನಡೆಸುತ್ತಿದ್ದ ರಾಬರ್ಟ್ ಮೆಕ್ಯಾರಿಸನ್, ಭಾರತದ ಬೇರೆಬೇರೆ ಜನರ ಊಟಗಳನ್ನು ದೊಡ್ಡ ಇಲಿಗಳ ಗುಂಪುಗಳಿಗೆ ಬೇರೆಬೇರೆಯಾಗಿ ಬಡಿಸಿ ತೂಗಿ ನೋಡಿದನು. ಇಡಿಯ ಗೋದಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿಗಳುಳ್ಳ ಸಿಖ್ಖರ ಊಟವನ್ನು ಉಂಡ ಇಲಿಗಳ ಸರಾಸರಿ ತೂಕ 235 ಗ್ರಾಂ. ಕನ್ನಡಿಗರ ಊಟವನ್ನು ಉಂಡವುಗಳದು 185 ಗ್ರಾಂ. ಅಕ್ಕಿಯೇ ಮುಖ್ಯವಾದ ಮದರಾಸಿನ ಊಟದವುಗಳದು 155 ಗ್ರಾಂ. ಇದು ಜನರ ಹೆಚ್ಚುಕಡಮೆಯಲ್ಲ, ತಟ್ಟೆಯ ಹೆಚ್ಚುಕಡಮೆ. ಇಲಿಗಳೆಲ್ಲವೂ ಒಂದೇ ಬಗೆಯವಾಗಿದ್ದವಲ್ಲವೆ? ಆ ಸಂಶೋಧನಾಲಯವು 1958ರಲ್ಲಿ ಹೈದರಾಬಾದಿಗೆ ವರ್ಗವಾಯಿತು.

ಆದರೂ ಇಲಿಯು ಎಲ್ಲ ವಿಧದಲ್ಲಿಯೂ ಮನುಷ್ಯನ ಪ್ರತಿಬಿಂಬವೆಂದು ಭಾವಿಸಬಾರದು. ‘ಸಿ’ ಜೀವಸತ್ತ್ವವನ್ನು ಇಲಿಯ ದೇಹವು ತಾನೇ ಮಾಡಿಕೊಳ್ಳುವುದು. ಮನುಷ್ಯನ ದೇಹಕ್ಕೆ ಆ ಶಕ್ತಿಯಿಲ್ಲ. ಇಲಿಯನ್ನು ಮಾತ್ರ ನೋಡುತ್ತ ಕುಳಿತಿದ್ದರೆ ಆ ಸತ್ತ್ವದ ಅಗತ್ಯವೇ ತಿಳಿಯುತ್ತಿರಲಿಲ್ಲ.

ಮನುಷ್ಯನಿಗೆ ಇಷ್ಟನ್ನು ಕಲಿಸಿದ ಪ್ರಾಣಿಗೆ ಆ ಪಾಠದ ಫಲವನ್ನು ಸಲ್ಲಿಸುವುದು ಸಾಕುವವರ ಧರ್ಮ. ಸಾಕಿದ ಚಿಟ್ಟಿಲಿಯು ದಿನಕ್ಕೆ ತಿನ್ನುವುದು 3ರಿಂದ 5 ಗ್ರಾಂ ಮಾತ್ರ. ಅಷ್ಟು ಅಲ್ಪವಾದ ತುತ್ತಿನಲ್ಲಿ ಕೊರತೆಗೆ ಎಡೆಯಿರಲಾಗದು. ನಾನಾ ಬೀಜಗಳನ್ನು ಬೆರಸಿಟ್ಟರೆ ಅದು ಸೂರ್ಯಕಾಂತಿಯಂತಹ ಎಣ್ಣೆಬೀಜಗಳನ್ನು ಆರಿಸಿ ತಿಂದು, ಉಳಿದುದನ್ನು ಬಿಟ್ಟು, ಬೊಜ್ಜು ಬೆಳೆಸಿಕೊಳ್ಳುವುದು. ಆದುದರಿಂದ ಸಕಲ ಸತ್ತ್ವಗಳನ್ನೂ ಕೂಡಿಸಿ ಒತ್ತಿದ ಗುಳಿಗೆಯ ಆಹಾರವು ಆಧಾರವಾಗಿದ್ದು, ಅದರೊಡನೆ ಧಾನ್ಯ, ಚೂರು ಹಸಿಯ ತರಕಾರಿ, ಒಮ್ಮೊಮ್ಮೆ ಬೆಂದ ಮೊಟ್ಟೆಯ ತುಣುಕು ಇರುವುದು ಒಳ್ಳೆಯದು. ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ, ಉಪ್ಪುಕರಿದ ತಿಂಡಿ, ಬೂಷ್ಟು ಹಿಡಿದ ಕಾಳು ಇವು ವರ್ಜ್ಯ. ಹಸಿಯ ಪದಾರ್ಥವು ಉಳಿದರೆ ಅಂದೇ ತೆಗೆಯಬೇಕು. ಶುದ್ಧ ನೀರು ಸದಾ ಇರಬೇಕು.

ಬೆಟ್ಟ ಅಗೆದು ಇಲಿಯನ್ನು ಹಿಡಿದರೆಂದು ವ್ಯರ್ಥಪ್ರಯತ್ನವನ್ನು ಹಳಿಯುವ ಗಾದೆಯೊಂದುಂಟು. ಡೋರ್ಪಾಟಿನ ತರುಣನಾದರೋ ಇಲಿಯನ್ನು ಹಿಡಿದು ಬೆಟ್ಟವನ್ನೇ ಕಂಡನು. ಆ ಬೆಟ್ಟದ ಬುಡದಲ್ಲಿ ಒಂದು ತಿಂಗಳೂ ಬಾಳದೆ ಹೋದ ಕೆಲವು ಚಿಟ್ಟಿಲಿಗಳಿರುವುದನ್ನು, ಹಾಲನ್ನವನ್ನು ಕಲಸಿ ಮಗುವಿಗೆ ಉಣಿಸುವವರು ಮರೆಯದಿರುವುದು ಉಚಿತ.