ಮುಳುಗಡೆ ಸೀಮೆಯ ಎರಡನೇ ಬ್ಯಾಟರಿ

ಹೊಸನಗರ ತಾಲ್ಲೂಕಿನ ಪಟಗುಪ್ಪದ ಕಡೆ, ಶರಾವತಿ ಹಿನ್ನೀರಿನ ಅಂಚಿಗೆ ನಮ್ಮ ನೆಂಟರೊಬ್ಬರ ಜಾಗವಿದೆ. ಕಳೆದ ಜನವರಿಯಲ್ಲಿ ಅಲ್ಲಿ ಜೀಪು ನಿಲ್ಲಿಸಿಕೊಂಡು ಎರಡು ರಾತ್ರಿ ಕಳೆದೆವು. ಜೀಪಿನ ಹಿಂದಿನ ಸೀಟಿನ ಕೆಳಗೆ ಎರಡನೆಯದೊಂದು ಬ್ಯಾಟರಿ, ಹೊರಗೆ ಹುಲ್ಲಿನ ಮೇಲೆ 100 ವ್ಯಾಟಿನ ಸೋಲಾರ್ ಪ್ಯಾನೆಲ್. ದೀಪ, ಫೋನು, ಒಂದು ಪುಟ್ಟ ಫ್ಯಾನು ಎಲ್ಲ ಅದರಿಂದಲೇ. ಗಂಟೆಗೊಮ್ಮೆ ಎದ್ದು ಪ್ಯಾನೆಲ್ಲನ್ನು ಬಿಸಿಲಿಗೆ ತಿರುಗಿಸುತ್ತಿದ್ದ ನನ್ನನ್ನು ನೋಡಿ, ಎಂಬತ್ತು ದಾಟಿದ ಆ ಮನೆಯ ಅಜ್ಜ ನಕ್ಕರು.

"ನಾವು ಮೂವತ್ತು ವರ್ಷ ಗತಿಯಿಲ್ದೆ ಮಾಡಿದ್ದನ್ನ ನೀನು ರಜೆ ಹಾಕಿ ಮಾಡ್ತಿದೀಯಲ್ಲೋ ಮಾರಾಯ!"

ಅವರು ನೋಡುತ್ತ ಕೂತಿದ್ದ ನೀರಿನಡಿಯಲ್ಲಿ ಅವರ ಹಳೆಯ ಮನೆಯಿದೆ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾದಾಗ ಅದಕ್ಕೆ ನೀರುಣಿಸಲು ಹಿರೇಭಾಸ್ಕರ ಅಣೆಕಟ್ಟು ಸಾಕಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಎದ್ದಾಗ ಆ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಅದು ಈಗಲೂ ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಒಂದು ಅಣೆಕಟ್ಟನ್ನು ಇನ್ನೊಂದು ನುಂಗಿದ ಮೇಲೆ ಮನೆ, ಗದ್ದೆ, ತೋಟಗಳ ಮಾತೇನು? ಸಾಗರದ ನಾ. ಡಿಸೋಜ ಅದನ್ನೆಲ್ಲ ಕಾದಂಬರಿಗಳಲ್ಲಿ ಬರೆದಿದ್ದಾರೆ. ನಾನಿಲ್ಲಿ ಹೇಳಹೊರಟಿರುವುದು ಬರೀ ಬ್ಯಾಟರಿಯ ಕತೆ.

ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಅಲ್ಲಿಂದ ಹೊರಟ ದೊಡ್ಡ ತಂತಿಗಳು ಕಾಡು ದಾಟಿ ಊರೂರಿಗೆ ಹೋದವು. ಆದರೆ ನೆಲ ಬಿಟ್ಟುಕೊಟ್ಟು ಗುಡ್ಡ ಹತ್ತಿದವರ ಮನೆಗೆ ತಂತಿ ಬರಲಿಲ್ಲ. ಚದುರಿದ ಒಂಟಿಮನೆಗಳು, ನಡುವೆ ನೀರು, ಸುತ್ತ ಕಾಡು. 1972ರಲ್ಲಿ ಕಣಿವೆಯ ಒಂದು ಭಾಗ ಅಭಯಾರಣ್ಯವಾದ ಮೇಲೆ ಅದರೊಳಗಿನ ಹಳ್ಳಿಗಳಿಗೆ ಒಂದು ಕಂಬ ನೆಡಲೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕಾಯಿತು. ಅಜ್ಜನ ಮನೆಗೆ ತಂತಿ ಬಂದದ್ದು ತೊಂಬತ್ತರ ದಶಕದ ಕೊನೆಗೆ. ಅಲ್ಲಿಯವರೆಗೆ ಬುಡ್ಡಿದೀಪ, ಲಾಟೀನು, ರೇಷನ್ ಸೀಮೆಎಣ್ಣೆ.

ಆಮೇಲೆ ಬ್ಯಾಟರಿ ಬಂತು. ಎಂಬತ್ತರ ದಶಕದ ನೆನಪು ನನಗೂ ಇದೆ. ನಮ್ಮ ಮನೆಯಲ್ಲಿ ಹಳೆಯ ಲಾರಿ ಬ್ಯಾಟರಿಯೊಂದಿತ್ತು. ಅದರಿಂದ ಟೇಪ್ ರೆಕಾರ್ಡರ್, ಒಂದು ಪುಟ್ಟ ಟ್ಯೂಬ್‌ಲೈಟು, ಭಾನುವಾರ ಬೆಳಿಗ್ಗೆ ಪಕ್ಕದ ಮನೆಯಿಂದ ಹೊತ್ತು ತರುತ್ತಿದ್ದ ಕಪ್ಪುಬಿಳುಪು ಟಿ.ವಿ. ಬ್ಯಾಟರಿ ಇಳಿದಾಗ ಗೋಣಿತಾಟಿನಲ್ಲಿ ಸುತ್ತಿ ಹೊಸನಗರದ ಬಸ್ಸಿಗೆ ಹಾಕುವುದು ಅಪ್ಪಯ್ಯನ ಕೆಲಸ. ಆಸಿಡ್ ಚೆಲ್ಲೀತೆಂದು ಕಂಡಕ್ಟರ್ ಬೈಯುವುದು, ಅಪ್ಪಯ್ಯ ಅದನ್ನು ಮಗುವಿನ ಹಾಗೆ ಕಾಲ ಸಂದಿಯಲ್ಲಿ ಹಿಡಿದುಕೊಂಡು ಕೂರುವುದು. ಅಪ್ಪಯ್ಯನ ಎರಡು ಪಂಚೆಗಳಲ್ಲಿ ಆಸಿಡ್ಡಿನ ತೂತುಗಳಿದ್ದವು. ಎರಡು ದಿನ ಬಿಟ್ಟು ಹೋಗಿ ತರಬೇಕು. ತಂದರೂ ವಾರಕ್ಕೆ ಬರುತ್ತಿರಲಿಲ್ಲ. ಅಂಗಡಿಯವನು ಸರಿಯಾಗಿ ಚಾರ್ಜ್ ಮಾಡುವುದಿಲ್ಲವೆಂದು ಅಪ್ಪಯ್ಯ ಕೊನೆಯವರೆಗೂ ನಂಬಿದ್ದರು.

ಪಾಪ, ಅಂಗಡಿಯವನ ತಪ್ಪೇನೂ ಇರಲಿಲ್ಲ. ಸೀಸ ಮತ್ತು ಆಸಿಡ್ಡಿನ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲೇ ಮಾಡಿದ್ದ. ಅದರಲ್ಲಿ ವಾಹನಕ್ಕೆಂದು ಮಾಡುವ ಬಗೆಯ ಕೆಲಸವೇ ಬೇರೆ. ತೆಳ್ಳಗಿನ, ಬಹಳ ತಟ್ಟೆಗಳಿರುವ ಅದು ಎಂಜಿನ್ ಎಬ್ಬಿಸಲು ಕೆಲವೇ ಸೆಕೆಂಡು ಜೋರಾಗಿ ಕರೆಂಟು ಕೊಡುತ್ತದೆ. ಎಂಜಿನ್ ತಿರುಗಿದೊಡನೆ ಕಳೆದದ್ದು ಮತ್ತೆ ತುಂಬಿಕೊಳ್ಳುತ್ತದೆ. ರಾತ್ರಿಯಿಡೀ ದೀಪಕ್ಕೆ ಸ್ವಲ್ಪಸ್ವಲ್ಪವೇ ಕೊಡುತ್ತ ಬರಿದಾಗುವುದು ಅದಕ್ಕೆ ಒಗ್ಗುವುದಿಲ್ಲ. ಬರಿದಾಗಿ ಬಿದ್ದಿದ್ದಷ್ಟು ದಿನವೂ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತ ಹೋಗುತ್ತದೆ. ನಾವು ಪೂರ್ತಿ ಇಳಿಯುವ ತನಕ ಟಿ.ವಿ. ನೋಡಿ, ಬಸ್ಸು ಸಿಗುವ ತನಕ ಮೂಲೆಯಲ್ಲಿಟ್ಟು, ಪ್ರತಿ ಸಲವೂ ಅದನ್ನು ಒಂದಿಷ್ಟು ಕೊಲ್ಲುತ್ತಿದ್ದೆವು.

ಬಿಸಿಲಿನಿಂದ ಕರೆಂಟು ತೆಗೆಯುವ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಲ್ಯಾಬ್ಸ್ 1954ರಲ್ಲಿ ತೋರಿಸಿತ್ತು. ಅಂದರೆ ಲಿಂಗನಮಕ್ಕಿಗಿಂತ ಹತ್ತು ವರ್ಷ ಮೊದಲು. ಅದು 1958ರಲ್ಲಿ ಉಪಗ್ರಹವೇರಿ ಆಕಾಶಕ್ಕೆ ಹೋಯಿತು, ನಮ್ಮ ಗುಡ್ಡಕ್ಕೆ ಬರಲು ಇನ್ನೂ ದಶಕಗಳೇ ಬೇಕಾದವು. 1995ರಲ್ಲಿ ಹರೀಶ್ ಹಂದೆಯವರು ನೆವಿಲ್ ವಿಲಿಯಮ್ಸ್ ಜತೆ ಸೇರಿ ಕಟ್ಟಿದ ಸೆಲ್ಕೋ, ಬ್ಯಾಂಕ್ ಸಾಲ ಕೊಡಿಸಿ ಕರ್ನಾಟಕದ ಹಳ್ಳಿಮನೆಗಳಿಗೆ ಸೋಲಾರ್ ದೀಪ ಹಾಕತೊಡಗಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಂಥ ದೀಪಗಳ ಜತೆ ಬಂದ ಎರಡು ವಸ್ತುಗಳೇ, ನನ್ನ ಪ್ರಕಾರ, ಪ್ಯಾನೆಲ್ಲಿಗಿಂತ ದೊಡ್ಡವು. ಒಂದು, ದಪ್ಪ ತಟ್ಟೆಯ ಬ್ಯಾಟರಿ. ಇನ್ನೊಂದು, ಬ್ಯಾಟರಿ ತೀರ ಇಳಿಯುವ ಮೊದಲೇ ದೀಪ ಆರಿಸಿ, ತುಂಬಿದ ಮೇಲೆ ಚಾರ್ಜ್ ನಿಲ್ಲಿಸುವ ಕಂಟ್ರೋಲರ್. ದೀಪ ತಾನಾಗಿ ಆರಿದಾಗ ಜನ ಅದನ್ನು ಬೈದದ್ದುಂಟು. ಕಂಟ್ರೋಲರನ್ನು ಕಿತ್ತು ನೇರ ತಂತಿ ಕೊಟ್ಟವರೂ ಉಂಟು. ನಾನೇನೂ ಅವರಿಗಿಂತ ಜಾಣನಲ್ಲ. ಮೊದಲ ಸಲ ಡೇರೆ ಹಾಕಲು ಹೋದಾಗ ಜೀಪಿನ ಒಂದೇ ಬ್ಯಾಟರಿಯಿಂದ ರಾತ್ರಿಯಿಡೀ ದೀಪ ಉರಿಸಿ, ಬೆಳಿಗ್ಗೆ ಐದು ಜನರಿಂದ ಗಾಡಿ ತಳ್ಳಿಸಿದೆ. ಎರಡನೇ ಬ್ಯಾಟರಿ ಹಾಕಿಸಿದ್ದು ಆಮೇಲೆ. ಈಗ ಗಾಡಿ ಓಡುವಾಗ ಎರಡೂ ಎಂಜಿನ್ನಿನಿಂದಲೇ ತುಂಬುತ್ತವೆ. ನಿಂತಾಗ ನಡುವಿನ ರಿಲೇ ಅವೆರಡನ್ನೂ ಬೇರೆ ಮಾಡುತ್ತದೆ, ಬಿಸಿಲು ಎರಡನೆಯದನ್ನು ಮಾತ್ರ ಸಾಕುತ್ತದೆ.

ಲೆಕ್ಕ ಸರಳ. ಜನವರಿಯ ನಿಚ್ಚಳ ಬಿಸಿಲಿನಲ್ಲಿ ನನ್ನ ಪ್ಯಾನೆಲ್ ದಿನಕ್ಕೆ ಹೆಚ್ಚೆಂದರೆ 30 ಆಂಪಿಯರ್-ಗಂಟೆ ತುಂಬುತ್ತದೆ. ಬ್ಯಾಟರಿ 100ರದ್ದಾದರೂ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಒಂದು ಕೊಂಬೆಯ ನೆರಳು ಪ್ಯಾನೆಲ್ಲಿನ ಮೂಲೆಗೆ ಬಿದ್ದರೂ ಸಾಲಾಗಿ ಜೋಡಿಸಿದ ಕೋಶಗಳಿಂದಾಗಿ ಅದರ ಶಕ್ತಿ ಬಹುಪಾಲು ಹೋಗುತ್ತದೆ. ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಸೋಲಾರ್ ಸೋತದ್ದು ಮಳೆಯಿಂದ ಎಷ್ಟೋ ಅಷ್ಟೇ ಮರದ ನೆರಳಿನಿಂದ. ಮಳೆಗಾಲದಲ್ಲಂತೂ ಹುಲಿಕಲ್, ಮಾಣಿಯ ಕಡೆ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಆಗ ಕೆಲವರು ಗುಡ್ಡದ ಹಳ್ಳಕ್ಕೆ ಪೈಪು ಹಾಕಿ, ಮನೆಯ ಹಿಂದೆ ಪುಟ್ಟ ಟರ್ಬೈನು ತಿರುಗಿಸಿಕೊಂಡರು. ಜೋಗದಲ್ಲಿ ನಡೆಯುವುದೂ ಅದೇ, ಅಳತೆ ಬೇರೆ.

ಸಂಜೆ ಅಜ್ಜ ಜೀಪಿನ ಹತ್ತಿರ ಬಂದರು. ಟಾರ್ಚು ಹಿಡಿಸಿ ಎರಡನೇ ಬ್ಯಾಟರಿಯನ್ನು ಬಗ್ಗಿ ನೋಡಿದರು.

"ನೀರು ಹಾಕೂದು ಎಲ್ಲಿ?"

"ಇದು ಮುಚ್ಚಿದ ಬ್ಯಾಟರಿ ಅಜ್ಜ, ನೀರು ಹಾಕೂದು ಬೇಡ."

ಅವರಿಗೆ ಅಷ್ಟೊಂದು ನಂಬಿಕೆ ಬಂದಂತೆ ಕಾಣಲಿಲ್ಲ. ಒಳಗಿನಿಂದ ಹಳೆಯ ಬ್ಯಾಟರಿ ನೀರಿನ ಕ್ಯಾನು ತಂದು, ಬೇಕಾದರೆ ಇರಲಿ ಎಂದು ಚಕ್ರದ ಪಕ್ಕ ಇಟ್ಟು ಹೋದರು. ಹೊತ್ತು ಮುಳುಗಿ ಆಚೆ ದಡದಲ್ಲಿ ಒಂದೊಂದೇ ಮನೆಯ ದೀಪ ಹತ್ತಿತು. ಅರ್ಧ ಗಂಟೆಗೆ ಅವೆಲ್ಲ ಒಮ್ಮೆಲೇ ಆರಿದವು. ಕರೆಂಟು ಹೋಗಿತ್ತು. ನನ್ನ ದೀಪ ನೋಡಿ ಮೊಮ್ಮಗಳು ಪುಸ್ತಕ ಹಿಡಿದು ಜೀಪಿಗೆ ಬಂದಳು, ಅವಳಿಗೆ ಮರುದಿನ ಪರೀಕ್ಷೆಯಿತ್ತು.