ಬಲೂನು ಬಿಡಿಸಿದ ಕವಾಟ

ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಆರೋಗ್ಯವಂತರಲ್ಲಿ 4ರಿಂದ 6 ಚದರ ಸೆಂಟಿಮೀಟರಿನಷ್ಟು ತೆರೆದುಕೊಳ್ಳುತ್ತದೆ. ರುಮ್ಯಾಟಿಕ್ ಜ್ವರ ತಗುಲಿದವರಲ್ಲಿ ಕವಾಟದ ಎಸಳುಗಳು ಅಂಚಿನಲ್ಲಿ ಬೆಸೆದುಕೊಂಡು, ರಕ್ತದ ದಾರಿ 1 ಚದರ ಸೆಂಟಿಮೀಟರಿಗಿಂತಲೂ ಕಿರಿದಾಗುವುದುಂಟು. ತೊಡೆಸಂದಿನ ರಕ್ತನಾಳದಿಂದ ಕೊಳವೆ ತೂರಿಸಿ, ತುದಿಯ ಬಲೂನನ್ನು ಉಬ್ಬಿಸಿ ಆ ಬೆಸುಗೆ ಬಿಡಿಸುವ ಚಿಕಿತ್ಸೆಯನ್ನು ಜನ ‘ಬಲೂನ್ ಹಾಕಿಸುವುದು’ ಎನ್ನುತ್ತಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಂಥ ಊರುಗಳವರ ಕೈಗೆ ಈ ಚಿಕಿತ್ಸೆ ಎಟುಕಿದ್ದರಲ್ಲಿ ವೈದ್ಯವಿಜ್ಞಾನದಷ್ಟೇ ಪಾಲು ಬೆಲೆಯದೂ ಇದೆ.

ಕಾಯಿಲೆ ಶುರುವಾಗುವುದು ಎದೆಯಲ್ಲಲ್ಲ, ಗಂಟಲಲ್ಲಿ. ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ಮಕ್ಕಳಿಗೆ ಗಂಟಲು ನೋವು ಬರುತ್ತದೆ. ಕೆಲವರಿಗೆ ಎರಡು ಮೂರು ವಾರದ ಮೇಲೆ ಜ್ವರ, ಕೀಲುಗಳ ಊತ; ಇದೇ ರುಮ್ಯಾಟಿಕ್ ಜ್ವರ. ಅವೆಲ್ಲ ತಾವಾಗಿಯೇ ಇಳಿದಾಗ ಮನೆಯವರು ಮರೆತುಬಿಡುತ್ತಾರೆ. ಕವಾಟಕ್ಕೆ ಆದ ಗಾಯ ಮಾತ್ರ ವರ್ಷಗಟ್ಟಲೆ ಗಡುಸಾಗುತ್ತಾ ಹೋಗುತ್ತದೆ. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಮನೆಗಳಲ್ಲಿ ಈ ಸೋಂಕು ಬೇಗ ಹರಡುತ್ತದೆ. ಮಗ್ಗ ಮತ್ತು ಮನೆ ಒಂದೇ ಸೂರಿನಡಿ ಇರುವ ನೇಕಾರರ ಕೇರಿಯಾಗಲಿ, ಕೂಲಿಕಾರರ ಶೀಟಿನ ಮನೆಯಾಗಲಿ, ಇಕ್ಕಟ್ಟೇ ಅದಕ್ಕೆ ಅನುಕೂಲ. ಮೈಟ್ರಲ್ ಕವಾಟ ಕಿರಿದಾದವರಲ್ಲಿ ಹೆಂಗಸರೇ ಹೆಚ್ಚು. ಎಷ್ಟೋ ಮಂದಿಗೆ ಕಾಯಿಲೆ ಇರುವುದೇ ಮೊದಲ ಬಸಿರಿನಲ್ಲಿ ಗೊತ್ತಾಗುತ್ತದೆ.

ಹಳೆಯ ಚಿಕಿತ್ಸೆ ಎಂದರೆ ಎದೆ ಸೀಳುವುದು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಒಬ್ಬ ಹುಡುಗಿಯ ಹೃದಯದೊಳಗೆ ಬೆರಳು ಹಾಕಿ ಕವಾಟವನ್ನು ಸಡಿಲಿಸಿದರು. ಹುಡುಗಿ ಬದುಕಿದಳು, ಆದರೂ ಇನ್ನೊಬ್ಬ ರೋಗಿಯನ್ನು ಅವರ ಬಳಿಗೆ ಕಳಿಸುವ ಧೈರ್ಯವನ್ನು ಯಾವ ವೈದ್ಯರೂ ಮಾಡಲಿಲ್ಲ. ಎರಡನೇ ಮಹಾಯುದ್ಧದ ನಂತರವೇ ಈ ಶಸ್ತ್ರಚಿಕಿತ್ಸೆ ನೆಲೆಯೂರಿದ್ದು. ದಕ್ಷಿಣ ಭಾರತದಲ್ಲಿ ಅದಕ್ಕೆ ಹೆಸರಾದದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. 1983ರಲ್ಲಿ ಅಲ್ಲಿನ ವೈದ್ಯರು ಪ್ರಕಟಿಸಿದ ವರದಿಯಲ್ಲಿ ಇಂಥ 3,724 ರೋಗಿಗಳ ವಿವರವಿದೆ. ಬೆಂಗಳೂರು ಸೀಮೆಯವರೂ ಹೊಸಕೋಟೆ, ಕೋಲಾರದ ಮೇಲೆ ಹಾದುಹೋಗುವ ಮದ್ರಾಸು ರಸ್ತೆ ಹಿಡಿದು ಅಲ್ಲಿಗೆ ಹೋಗುತ್ತಿದ್ದರು.

ಕೊಳವೆಯ ದಾರಿ ತೆರೆದವರು ಜರ್ಮನಿಯ ವರ್ನರ್ ಫೋರ್ಸ್‌ಮನ್. 1929ರಲ್ಲಿ ಅವರು ತಮ್ಮ ತೋಳಿನ ರಕ್ತನಾಳದಿಂದ ಹೃದಯದವರೆಗೆ ತಾವೇ ಕೊಳವೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿದರು. 1956ರಲ್ಲಿ ನೊಬೆಲ್ ಬಂತು. ಜಪಾನಿನ ಕಾಂಜಿ ಇನೌಯೆ 1982ರಲ್ಲಿ ಬಲೂನಿನಿಂದ ಮೈಟ್ರಲ್ ಕವಾಟ ಬಿಡಿಸಿ, 1984ರಲ್ಲಿ ಅದನ್ನು ಪ್ರಕಟಿಸಿದರು. ಮರುವರ್ಷವೇ ಅಮೆರಿಕದ ಜೇಮ್ಸ್ ಲಾಕ್ ಮತ್ತು ದೆಹಲಿಯ ವೈದ್ಯರು ಸೇರಿ ನಡೆಸಿದ ಬಲೂನ್ ಚಿಕಿತ್ಸೆಯ ವರದಿ ಬಂತು. ಬಲೂನು ಮೇಲೋ ಕತ್ತರಿ ಮೇಲೋ ಎಂಬ ಪ್ರಶ್ನೆಗೆ ಹೈದರಾಬಾದಿನ 60 ರೋಗಿಗಳ ಮೇಲಿನ ಅಧ್ಯಯನ 1994ರಲ್ಲಿ ಉತ್ತರ ಕೊಟ್ಟಿತು: ಮೂರು ವರ್ಷದ ಬಳಿಕ ಬಲೂನಿನವರ ಕವಾಟ ಸರಾಸರಿ 2.4, ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರದು 1.8 ಚದರ ಸೆಂಟಿಮೀಟರ್.

ಇನ್ನು ಉಳಿದದ್ದು ಹಣದ ಮಾತು. ಜಪಾನಿನ ಬಲೂನು ಬಡವರ ಆಸ್ಪತ್ರೆಗೆ ತೀರ ದುಬಾರಿ. ಹಾಗಾಗಿ ಅದನ್ನು ಶುದ್ಧಿ ಮಾಡಿ ಹಲವರಿಗೆ ಬಳಸುವುದು ಭಾರತದ ಅನೇಕ ಕೇಂದ್ರಗಳಲ್ಲಿ ರೂಢಿಯಾಯಿತು. 1972ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಒಂದು ಘಟಕವಾಗಿ ಆರಂಭಗೊಂಡು ಮುಂದೆ ಸ್ವಾಯತ್ತ ಸಂಸ್ಥೆಯಾಗಿ ಬೆಳೆದ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ, ಡಾ. ಸಿ.ಎನ್. ಮಂಜುನಾಥ್ ಮತ್ತು ಸಂಗಡಿಗರು ಅಕ್ಯೂರಾ ಎಂಬ ಅಗ್ಗದ ಬಲೂನನ್ನು ಇನೌಯೆ ಬಲೂನಿನ ಜೊತೆ ಹೋಲಿಸಿ ನೋಡಿದರು. 1998ರಲ್ಲಿ ಪ್ರಕಟವಾದ ಆ ಅಧ್ಯಯನದ ಶೀರ್ಷಿಕೆಯಲ್ಲೇ ಫಲಿತಾಂಶದ ಪಕ್ಕದಲ್ಲಿ ವೆಚ್ಚದ ಉಳಿತಾಯವೂ ಇತ್ತು. ವೈದ್ಯಕೀಯ ಪ್ರಬಂಧಗಳಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ.

ಚಿಕಿತ್ಸೆ ನಡೆಯುವುದು ಹೃದಯಕ್ಕೆ ಕೊಳವೆ ಹಾಕುವ ಕೋಣೆಯಾದ ಕ್ಯಾತ್ ಲ್ಯಾಬಿನಲ್ಲಿ. ತೊಡೆಸಂದಿಗೆ ಮಾತ್ರ ಮರಗಟ್ಟಿಸುವ ಸೂಜಿ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಕೊಳವೆ ಮೊದಲು ಬಲಗಡೆಯ ಮೇಲ್ಕೋಣೆ ಸೇರುತ್ತದೆ. ಅಲ್ಲಿಂದ ಉದ್ದನೆಯ ಸೂಜಿಯಿಂದ ನಡುಗೋಡೆ ಚುಚ್ಚಿ ಎಡಗಡೆಗೆ ದಾಟಬೇಕು. ಕೈಚಳಕವೆಲ್ಲ ಈ ಒಂದು ಚುಚ್ಚಿನಲ್ಲಿದೆ. ಗುರಿ ತಪ್ಪಿದರೆ ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬುತ್ತದೆ. ಬಲೂನಿನ ಅಳತೆಗೆ ಸುಲಭ ಸೂತ್ರವಿದೆ: ಸೆಂಟಿಮೀಟರ್ ಲೆಕ್ಕದ ಎತ್ತರವನ್ನು ಹತ್ತರಿಂದ ಭಾಗಿಸಿ ಹತ್ತು ಕೂಡಿಸುವುದು. 150 ಸೆಂ.ಮೀ. ಎತ್ತರದವರಿಗೆ 25 ಮಿಲಿಮೀಟರಿನದು. ಮುಂತುದಿ ಉಬ್ಬಿಸಿ ಹಿಂದಕ್ಕೆಳೆದಾಗ ಅದು ಕವಾಟಕ್ಕೆ ಸಿಕ್ಕಿ ನಿಲ್ಲುತ್ತದೆ. ಹಿಂಭಾಗವೂ ಉಬ್ಬಿದಾಗ ಎಕ್ಸ್‌ರೇ ತೆರೆಯ ಮೇಲೆ ಡಮರುವಿನ ಆಕಾರ ಕಾಣುತ್ತದೆ. ನಡು ಹಿಗ್ಗಿದರೆ ಬೆಸುಗೆ ಬಿಟ್ಟಿತೆಂದು ಅರ್ಥ. ಬಲೂನು ಉಬ್ಬಿರುವುದು ಕೆಲವೇ ಸೆಕೆಂಡು. ಎಸಳು ಹರಿದರೆ ರಕ್ತ ಹಿಮ್ಮೊಗವಾಗಿ ಸೋರುತ್ತದೆ, ಆಗ ತುರ್ತು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಈ ವಿಧಾನದ ನಿಜವಾದ ಪರೀಕ್ಷೆ ಸಾವಿನ ಅಂಚಿಗೆ ಬಂದವರಲ್ಲಿ. ಬಸಿರಿನಲ್ಲಿ ರಕ್ತದ ಪ್ರಮಾಣ ಶೇಕಡ 40–50ರಷ್ಟು ಏರುತ್ತದೆ, ಎದೆಬಡಿತ ಹೆಚ್ಚುತ್ತದೆ; ಕಿರಿದಾದ ಕವಾಟ ಅಷ್ಟು ರಕ್ತವನ್ನು ದಾಟಿಸಲಾರದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ದಮ್ಮು ಕಟ್ಟಿ, ಮಲಗಲಾರದೆ ಕೂತೇ ಬಂದ ಬಸುರಿಗೆ ಎದೆ ತೆರೆಯುವುದೆಂದರೆ ಹೊಟ್ಟೆಯ ಕೂಸಿಗೆ ದೊಡ್ಡ ಗಂಡಾಂತರ. ಔಷಧಿಗೆ ಬಗ್ಗದಿದ್ದರೆ, ಹೊಟ್ಟೆಗೆ ಸೀಸದ ಹೊದಿಕೆ ಹಾಕಿ, ಎಕ್ಸ್‌ರೇ ಆದಷ್ಟು ಕಡಿಮೆ ಮಾಡಿ, ಎಕೋ (ಹೃದಯದ ಅಲ್ಟ್ರಾಸೌಂಡ್) ನೆರವಿನಿಂದ ಬಲೂನ್ ಹಾಕುತ್ತಾರೆ. ಎಡ ಮೇಲ್ಕೋಣೆಯ ಒತ್ತಡ ಅಲ್ಲೇ ಇಳಿಯುತ್ತದೆ. ಇಷ್ಟು ಬೇಗ ಫಲ ಕಾಣುವ ಹೃದಯ ಚಿಕಿತ್ಸೆಗಳು ಹೆಚ್ಚಿಲ್ಲ.

ಬಲೂನಿನ ಬೆಲೆಯ ಜೊತೆಗೆ ಚಿಕಿತ್ಸೆಯ ಖರ್ಚಿನ ಹೊರೆಯೂ ಇಳಿಯತೊಡಗಿತು. 2001ರಲ್ಲಿ ಹೊಸಕೋಟೆಯ ಮಗ್ಗುಲಿನ ವೈಟ್‌ಫೀಲ್ಡಿನಲ್ಲಿ ಸತ್ಯಸಾಯಿ ಆಸ್ಪತ್ರೆ ಉಚಿತ ಹೃದಯ ಚಿಕಿತ್ಸೆ ಆರಂಭಿಸಿತು. ಸಹಕಾರ ಸಂಘಗಳ ರೈತರಿಗೆ ಯಶಸ್ವಿನಿ, ಮುಂದೆ 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಆರೋಗ್ಯ ಯೋಜನೆಗಳು ಬಂದವು.

ಅಷ್ಟರಲ್ಲಿ ಕೊಳವೆಯ ಕೆಲಸ ಬೇರೆ ಕವಾಟಗಳಿಗೂ ಬೇರೆ ವಯಸ್ಸಿನವರಿಗೂ ಹಬ್ಬಿತ್ತು. ಫ್ರಾನ್ಸಿನ ಅಲೆನ್ ಕ್ರಿಬಿಯೆ 2002ರಲ್ಲಿ, ರಕ್ತದೊತ್ತಡ ಕುಸಿದು ಶಸ್ತ್ರಚಿಕಿತ್ಸೆಗೆ ಯಾರೂ ಒಪ್ಪದಿದ್ದ 57ರ ರೋಗಿಗೆ ಕೊಳವೆಯ ಮೂಲಕವೇ ಹೊಸ ಮಹಾಪಧಮನಿ ಕವಾಟ ಕೂರಿಸಿದರು. ಸೋರುವ ಮೈಟ್ರಲ್ ಎಸಳುಗಳನ್ನು ನಡುವೆ ಹಿಡಿದು ಜೋಡಿಸುವ ಕ್ಲಿಪ್ 2003ರಲ್ಲಿ ಬಂತು. ಇವೆರಡೂ ಹೆಚ್ಚಾಗಿ ಶಸ್ತ್ರಚಿಕಿತ್ಸೆ ತಾಳಲಾರದ ವಯಸ್ಸಾದವರಿಗೆ, ಅದೂ ಲಕ್ಷಗಳ ಬಾಬತ್ತು.

ಬಲೂನಿನಿಂದ ಬಿಡಿಸಿದ ಕವಾಟ ವರ್ಷಗಳ ಬಳಿಕ ಮತ್ತೆ ಬೆಸೆದುಕೊಳ್ಳಬಹುದು. ಎಸಳು ಮೆತ್ತಗಿದ್ದರೆ ಎರಡನೇ ಸಲವೂ ಬಲೂನ್ ಹಾಕಬಹುದು. ಸುಣ್ಣಗಟ್ಟಿದ್ದರೆ ಕವಾಟವನ್ನೇ ಬದಲಿಸಬೇಕು. ಹೊಸ ಸೋಂಕು ತಡೆಯಲು ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಸೂಜಿಯನ್ನು ಬಲೂನ್ ಹಾಕಿಸಿಕೊಂಡವರೂ ವೈದ್ಯರು ಸಾಕೆನ್ನುವವರೆಗೆ ತಪ್ಪಿಸಬಾರದು.