ಬಡಗಿಯ ಮೇಜಿನ ತೂತುಗಳು: ಒಂದು ಚಾರಿತ್ರಿಕ ಅವಲೋಕನ

ಮರವನ್ನು ಹೆರೆಯಬೇಕಾದರೆ ಮೊದಲು ಅದು ಅಲುಗಾಡದೆ ನಿಲ್ಲಬೇಕು. ಯುರೋಪಿನ ಬಡಗಿಯ ಕೆಲಸದ ಮೇಜಿನಲ್ಲಿ ಈ ಹೊಣೆಯನ್ನು ಬಹುಮಟ್ಟಿಗೆ ಹೊರುವುದು ಮೇಲುಹಲಗೆಯಲ್ಲಿ ಕೊರೆದ ತೂತುಗಳ ಸಾಲು. ಆ ತೂತಿಗೆ ಇಳಿಸುವ ಗಿಡ್ಡ ಗೂಟವೇ ಬೆಂಚ್ ಡಾಗ್. ಮೇಜಿನ ತುದಿಯ ವೈಸ್‌ನಲ್ಲಿ, ಎಂದರೆ ತಿರುಪಿನಿಂದ ಬಿಗಿಯುವ ಹಿಡಿಕೆಯಲ್ಲಿ, ಒಂದು ಗೂಟ, ಹಲಗೆಯ ತೂತಿನಲ್ಲಿ ಇನ್ನೊಂದು. ನಡುವೆ ಮರವನ್ನಿಟ್ಟು ತಿರುಪು ಬಿಗಿದರೆ ಮರದ ಮೇಲ್ಮೈ ಪೂರ್ತಿ ಉಜ್ಜುಗೊರಡಿಗೆ ತೆರೆದಿರುತ್ತದೆ. ಈ ತೂತು ಕೆಲವೆಡೆ ದುಂಡಗೆ, ಕೆಲವೆಡೆ ಚೌಕವಾಗಿ ಬೆಳೆದುಬಂದಿದೆ. ಚೌಕಕ್ಕೆ ದಾರಿ ಮಾಡಿದ್ದು ತುದಿಯ ವೈಸ್. ದುಂಡು ತೂತನ್ನು ಮರಳಿ ತಂದದ್ದು ತನ್ನ ಮೇಜನ್ನು ತಾನೇ ಕಟ್ಟಿಕೊಳ್ಳುವ ಹವ್ಯಾಸಿ ಎಂಬುದು ಈ ಲೇಖನದ ವಾದ.

ಪ್ರಾಚೀನ ಆಧಾರ

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯಡಿ ಹೂತುಹೋದ ಹರ್ಕ್ಯುಲೇನಿಯಂ ನಗರದ ಒಂದು ಭಿತ್ತಿಚಿತ್ರದಲ್ಲಿ ರೆಕ್ಕೆಯ ಬಾಲಕರು ತಗ್ಗು ಮೇಜಿನ ಮೇಲೆ ಮರ ಕೊಯ್ಯುತ್ತಿದ್ದಾರೆ. ಮರವನ್ನು ಅದುಮಿ ಹಿಡಿದಿರುವುದು ಹೋಲ್ಡ್‌ಫಾಸ್ಟ್ ಎಂಬ ಕೊಕ್ಕೆ. ಅದರ ಕಾಲು ತೂತಿಗಿಂತ ತುಸು ಸಣ್ಣ. ತಲೆಗೆ ಸುತ್ತಿಗೆಯಿಂದ ಬಡಿದಾಗ ಕಾಲು ಓರೆಯಾಗಿ, ತೂತಿನ ಮೇಲಂಚಿಗೆ ಒಂದು ಕಡೆ, ಕೆಳಗಿನ ಅಂಚಿಗೆ ಎದುರು ಕಡೆ ಒತ್ತಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ಒಂದು ಪೆಟ್ಟು ಕೊಟ್ಟರೆ ಬಿಟ್ಟುಕೊಳ್ಳುತ್ತದೆ. ಕೊಕ್ಕೆಯನ್ನು ಬೇಕಾದ ದಿಕ್ಕಿಗೆ ತಿರುಗಿಸಬೇಕಾದ್ದರಿಂದ ಇದಕ್ಕೆ ದುಂಡು ತೂತೇ ಅನುಕೂಲ.

ಎರಡು ಸಂಪ್ರದಾಯಗಳು

ನ್ಯೂರೆಂಬರ್ಗ್‌ನ ಮಾರ್ಟಿನ್ ಲೋಫೆಲ್‌ಹೋಲ್ಟ್ಸ್ 1505ರ ತನ್ನ ಸಚಿತ್ರ ಹಸ್ತಪ್ರತಿಯಲ್ಲಿ ತುದಿಯಲ್ಲಿ ತಿರುಪಿನ ವೈಸ್ ಇರುವ ಮೇಜನ್ನು ಚಿತ್ರಿಸಿದ್ದಾನೆ. ಈ ಹಸ್ತಪ್ರತಿ ಈಗ ಪೋಲೆಂಡಿನ ಕ್ರಾಕೋವ್‌ನ ಯಾಗೆಲೋನಿಯನ್ ಗ್ರಂಥಾಲಯದಲ್ಲಿದೆ. ಮುಂದೆ ಜರ್ಮನ್ ಮಾದರಿಯೆಂದು ಹೆಸರಾದ ಮೇಜಿನ ಮೂಲಲಕ್ಷಣ ಇದೇ.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. ಪ್ಯಾರಿಸ್‌ನ ಬಡಗಿ ಆಂದ್ರೆ ಜಾಕೋಬ್ ರೂಬೋ 1769ರಿಂದ 1775ರವರೆಗೆ ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ ಐದಾರು ಅಂಗುಲ ದಪ್ಪದ ಒಂದೇ ಹಲಗೆಯ ಮೇಜು, ಹೋಲ್ಡ್‌ಫಾಸ್ಟಿಗಾಗಿ ಕೊರೆದ ದುಂಡು ತೂತುಗಳು, ಮರದ ತುದಿಗೆ ಆನಿಕೆಯಾಗುವ ಒಂದು ತಡೆಗೂಟ ಇವೆ. ಅದೇ ಗ್ರಂಥದಲ್ಲಿ ಜರ್ಮನ್ ಮೇಜನ್ನೂ ಚೌಕ ತೂತುಗಳ ಸಾಲಿನೊಂದಿಗೆ ಪ್ರತ್ಯೇಕವಾಗಿ ವಿವರಿಸಿದ್ದಾನೆ. ಎರಡು ಸಂಪ್ರದಾಯಗಳು ಅಕ್ಕಪಕ್ಕದಲ್ಲಿ ಬಾಳಿದ್ದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಬೇಕಿಲ್ಲ.

ಚೌಕ ಗೂಟ ತಿರುಗುವುದಿಲ್ಲ. ಅದನ್ನು ವೈಸ್‌ನ ಕಡೆಗೆ ಎರಡು-ಮೂರು ಡಿಗ್ರಿ ವಾಲಿಸಿ ಕೂರಿಸುತ್ತಾರೆ. ಬಿಗಿದಷ್ಟೂ ಅದು ಮರವನ್ನು ಮೇಜಿಗೆ ಒತ್ತುತ್ತದೆ. ಆದರೆ ಇಂಥ ತೂತನ್ನು ಮೇಜು ಮುಗಿದ ಮೇಲೆ ಕೊರೆಯುವುದು ಬಲು ಕಷ್ಟ. ಪಟ್ಟಿಯೊಂದರಲ್ಲಿ ಓರೆ ತೋಡುಗಳನ್ನು ಮೊದಲೇ ಕತ್ತರಿಸಿ, ಆಮೇಲೆ ಇನ್ನೊಂದು ಪಟ್ಟಿಯನ್ನು ಅಂಟಿಸಿ ಮುಚ್ಚಬೇಕು. ಎಂದರೆ, ಮೇಜು ಹುಟ್ಟುವ ಮೊದಲೇ ತೂತಿನ ಲೆಕ್ಕ ಮುಗಿದಿರಬೇಕು.

ಬೈರಿಗೆಯ ಪಾತ್ರ

ದುಂಡು ತೂತಿಗೆ ಆ ಕಟ್ಟುಪಾಡಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬೈರಿಗೆಯ ಅಲಗು ವೇಗವಾಗಿ ಸುಧಾರಿಸಿತು. ರಸೆಲ್ ಜೆನ್ನಿಂಗ್ಸ್‌ನ ಸುರುಳಿ ಅಲಗಿಗೆ 1855ರಲ್ಲಿ, ಬೆಂಜಮಿನ್ ಫಾರ್ಸ್ಟ್‌ನರ್‌ನ ನುಣುಪಾಗಿ ಕೊರೆಯುವ ಅಲಗಿಗೆ 1874ರಲ್ಲಿ ಪೇಟೆಂಟ್ ದೊರೆಯಿತು. ಪಿಸ್ತೂಲಿನ ಹಿಡಿಯ ವಿದ್ಯುತ್ ಡ್ರಿಲ್‌ಗೆ ಬ್ಲ್ಯಾಕ್ ಆಂಡ್ ಡೆಕರ್ 1917ರಲ್ಲಿ ಪೇಟೆಂಟ್ ಪಡೆಯಿತು. ಡ್ರಿಲ್ ಮನೆಮನೆಯ ಸಾಧನವಾದಾಗ ಹವ್ಯಾಸಿಗೆ ಸಿದ್ಧ ಮೇಜಿನಲ್ಲೂ ತೂತು ಕೊರೆಯುವ ಸಾಮರ್ಥ್ಯ ಬಂತು. ಇಂದು ಅಮೆರಿಕದಲ್ಲಿ ಮುಕ್ಕಾಲು ಅಂಗುಲ, ಯುರೋಪಿನಲ್ಲಿ 20 ಮಿ.ಮೀ. ವ್ಯಾಸ ರೂಢಿಯಲ್ಲಿವೆ. ಜರ್ಮನಿಯ ಫೆಸ್ಟೂಲ್ ಕಂಪನಿಯ ಮೇಜಿನ ಹಲಗೆಯಲ್ಲಿ 20 ಮಿ.ಮೀ. ತೂತುಗಳು 96 ಮಿ.ಮೀ. ಅಂತರದಲ್ಲಿ ಹಲಗೆ ತುಂಬ ಹರಡಿವೆ.

ದುಂಡು ಗೂಟ ತಿರುಗುತ್ತದೆಂಬ ಆಕ್ಷೇಪ ಉಂಟು. ಆದರೆ ಅದರ ಒಂದು ಬದಿಯನ್ನು ಚಪ್ಪಟೆ ಮಾಡಿದರೆ, ಅಂಚು ಓರೆಯಾದ ಮರಕ್ಕೂ ಅದು ತಾನಾಗಿ ತಿರುಗಿ ಹೊಂದಿಕೊಳ್ಳುತ್ತದೆ. ಚೌಕ ಗೂಟಕ್ಕೆ ಈ ಗುಣವಿಲ್ಲ. ದುಂಡು ತೂತಿಗೆ ಹೋಲ್ಡ್‌ಫಾಸ್ಟನ್ನೂ ಇಳಿಸಬಹುದು. ಹೀಗೆ ಫ್ರೆಂಚರ ತೂತು, ಜರ್ಮನ್ನರ ವೈಸ್ ಇಂದಿನ ಹವ್ಯಾಸಿಯ ಮೇಜಿನಲ್ಲಿ ಒಂದಾಗಿವೆ.

ಸಮಾರೋಪ

ದುಂಡು ತೂತು ಕುಶಲತೆಯ ಇಳಿಕೆಯ ಗುರುತು ಎನ್ನುವುದು ಸರಿಯಲ್ಲ. ಅದು ರೋಮನ್ನರ ಕಾಲದ ಹಿಡಿತದ ಕ್ರಮವನ್ನು ಸಾಮಾನ್ಯನ ಕೈಗೆ ತಂದುಕೊಟ್ಟಿದೆ. ಸ್ವಂತ ಮೇಜಿಗೆ ತೂತು ಕೊರೆಯಲು ಹೊರಟವರು ಹಳಬರ ಮೂರು ನಿಯಮಗಳನ್ನು ಮರೆಯಬಾರದು. ವೈಸ್ ಎಷ್ಟು ತೆರೆಯುತ್ತದೆಂದು ಮೊದಲು ಅಳೆದು, ತೂತುಗಳ ಅಂತರವನ್ನು ಅದಕ್ಕಿಂತ ಕಡಿಮೆ ಇಡಬೇಕು. ಸಾಲು ವೈಸ್‌ನ ಗೂಟದ ನೇರಕ್ಕೇ ಇರಬೇಕು. ಬೈರಿಗೆಯ ಮೊನೆ ಅಡಿಯಲ್ಲಿ ಇಣುಕಿದೊಡನೆ ನಿಲ್ಲಿಸಿ, ಉಳಿದದ್ದನ್ನು ಕೆಳಗಿನಿಂದ ಕೊರೆದರೆ ಮರ ಸೀಳುವುದಿಲ್ಲ.